ಗೂಡಿನಲ್ಲಿಟ್ಟ ಬೆಳ್ಳಿ ಕರಡಿಗೆ

ನಿಮ್ಮ ಮನೆಯಲ್ಲಿ ಒಂದು ಬೆಳ್ಳಿ ಬಟ್ಟಲು ಕಾಣೆಯಾಯಿತು ಅಂತಿಟ್ಟುಕೊಳ್ಳಿ. ಮೊದಲು ಯಾರ ಚೀಲ ಬಿಚ್ಚಿ ನೋಡುತ್ತೀರಿ? ನನ್ನ ಮುಂದೆ ಸಾಚಾ ಮುಖ ಮಾಡಬೇಡಿ. ಉತ್ತರ ಬಾಯಿಗೆ ಬರುವ ಮೊದಲೇ ಒಂದು ಮುಖ ಕಣ್ಣ ಮುಂದೆ ಬಂದು ಹೋಗಿರುತ್ತದೆ. ಅದು ನಿಮ್ಮ ಅಳಿಯನ ಮುಖವಂತೂ ಆಗಿರುವುದಿಲ್ಲ.

ಕಳವು ಯಾಕೆ ಆಗುತ್ತದೆ ಎಂದು ಜೀವಮಾನವಿಡೀ ತಲೆ ಕೆಡಿಸಿಕೊಂಡ ಒಬ್ಬ ಮನುಷ್ಯ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಯಲ್ಲಿದ್ದರು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಓಣಿಯವರೆಲ್ಲ ಮಾಸ್ತರು ಎನ್ನುತ್ತಿದ್ದೆವು. ಹೆಸರು ಬೇಡ. ಅವರ ಕಡೆಯವರು ಇನ್ನೂ ಇದ್ದಾರೆ, ಅವರ ಕೈಯಲ್ಲೂ ಫೋನುಗಳಿವೆ. ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟು, "ಮೊದ್ಲು ದೇವರ ಮ್ಯಾಲ ಏನಾರ ಬರಿ ಅಜ್ಜಿ" ಎಂದಳು. ದೇವರಿಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ.

ಮಾಸ್ತರದ್ದು ಸಣಕಲು ಮೈ, ಆ ಮೈಗೆ ಒಪ್ಪದ ದೊಡ್ಡ ಕಿವಿಗಳು. ಮಾತಾಡುವಾಗ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ಮಾಡುವ ಚಟ. ಸಾಯಂಕಾಲ ಬಿಸಿಲು ಇಳಿದು, ಕಟ್ಟೆಗೆ ಒಂದು ಕೊಡ ನೀರು ಹೊಯ್ದು ತಣಿಸಿದ ಮೇಲೆ, ಅದರ ಮೇಲೆ ಕೂತು ಅವರು ಕಳ್ಳರ ವಿಷಯ ತೆಗೆಯುತ್ತಿದ್ದರು. ಬೇರೆ ಮನೆಯ ಕಟ್ಟೆಗಳಲ್ಲಿ ಹತ್ತಿ ಧಾರಣೆ, ಹುಡುಗಿಯರ ಮದುವೆ. ಇವರ ಕಟ್ಟೆಯಲ್ಲಿ ಕನ್ನ, ಜೇಬುಗಳ್ಳತನ, ದರೋಡೆ. ಕೇಳಲು ನಾನು ನಮ್ಮ ಬಾಗಿಲ ಹಿಂದೆ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದೆ. ಸುಲಿಯುವ ಕಾಯಿ ಮುಗಿದರೂ ಏಳುತ್ತಿರಲಿಲ್ಲ.

ಅವರ ಎದುರಾಳಿ ಎಂದರೆ ಓಣಿಯ ತುದಿಯ ಇನ್ಸ್‌ಪೆಕ್ಟರ್ ಸಾಹೇಬರು. ಮದ್ರಾಸು ಸರ್ಕಾರದ ಕಾಲದಲ್ಲಿ ಪೊಲೀಸ್ ಕೆಲಸಕ್ಕೆ ಸೇರಿ ಆಗಲೇ ನಿವೃತ್ತರಾಗಿದ್ದವರು, ಅರ್ಧ ತೆಲುಗು ಅರ್ಧ ಕನ್ನಡದ ಮನುಷ್ಯ. ಯಾವುದೋ ದೂರದೇಶದ ಡಾಕ್ಟರನೊಬ್ಬ ಸತ್ತ ಕೈದಿಗಳ ಬುರುಡೆ ಅಳೆದು, ಕಳ್ಳ ಹುಟ್ಟುತ್ತಲೇ ಕಳ್ಳ, ದವಡೆ ಕಿವಿ ನೋಡಿದರೆ ಗೊತ್ತಾಗುತ್ತದೆ ಎಂದು ಬರೆದಿದ್ದನಂತೆ. ಸಾಹೇಬರು ಆ ಪುಸ್ತಕ ಓದಿರಲಿಲ್ಲ. ಆದರೆ ಬರೆದವನಿಗಿಂತ ಹೆಚ್ಚಾಗಿ ನಂಬಿದ್ದರು.

"ಪುಟ್ಟುಕತೋನೇ ವಸ್ತುಂದಯ್ಯಾ. ಹುಟ್ಟಿನಿಂದ್ಲೇ ಬರ್ತೈತಿ. ನಾನು ಕಿವಿ ನೋಡಿ ಎಷ್ಟು ಮಂದೀನ ಹಿಡದೀನಿ."

"ಹಂಗಾದ್ರ ಮಾಸ್ತರ ಕಿವಿ ನೋಡ್ರಿ ಸಾಹೇಬ್ರ," ಎಂದು ನಾನು ಬಾಗಿಲ ಹಿಂದಿನಿಂದ ಹೇಳಿದೆ. "ಇವತ್ತ ಒಳಗ ಹಾಕ್ರಿ. ಓಣಿ ತಣ್ಣಗಾಗ್ಲಿ."

ಮಾಸ್ತರು ನಗಲಿಲ್ಲ. ಅವರಿಗೆ ನಗು ಬರುತ್ತಿದ್ದುದು ಕಡಿಮೆ, ಬಂದರೂ ತಡವಾಗಿ, ಮರುದಿನ ಬರುತ್ತಿತ್ತು. "ಅಕ್ಕಾರ, ಅದು ಹಳೇ ವಾದ, ಸತ್ತು ಹೋಗೈತಿ" ಎಂದು ನನಗೆ ಸಮಾಧಾನವಾಗಿ ವಿವರಿಸಿದರು. ಅದಕ್ಕಿಂತ ಹಳೆಯದು ಇನ್ನೊಂದಿತ್ತಂತೆ: ಬಿಸಿಲ ದೇಶದಲ್ಲಿ ಹೊಡೆದಾಟ ಹೆಚ್ಚು, ಚಳಿಯ ದೇಶದಲ್ಲಿ ಕಳವು ಹೆಚ್ಚು.

"ನನ್ನ ತಾಮ್ರದ ಹಂಡೆ ಒಯ್ದಾವ ಊಟಿಯಿಂದ ಬಂದಿದ್ನೇನ್ರಿ?" ಎಂದೆ.

ಹೀಗೆ ತಮಾಷೆ ಮಾಡಿದರೂ ಅವರ ಮಾತಿನಲ್ಲಿ ಸತ್ವವಿತ್ತು. ಕಾಲುವೆ ಬಂದು ಸಿರುಗುಪ್ಪದ ಕಡೆ ಭತ್ತ ಬೆಳೆದ ಮೇಲೂ ಕಳವು ಯಾಕೆ ನಿಂತಿಲ್ಲ ಎಂದು ಸಾಹೇಬರು ಚುಚ್ಚಿದಾಗ, ಮಾಸ್ತರು ಪೆನ್ನಿನ ಟೊಪ್ಪಿಗೆ ಹಾಕಿ ಹೇಳಿದರು: "ಹಸದಾವ ಕದಿತಾನ ಅಂತ ತಿಳ್ಕಂಡೀರಿ ನೀವು. ಪಕ್ಕದಾವ ಉಣ್ಣಾದು ದಿನಾ ನೋಡಬೇಕಾದಾವ ಕದಿತಾನ." ಕಳವು ಕಮ್ಮಾರಿಕೆಯಂತೆ, ನೇಕಾರಿಕೆಯಂತೆ ಜೊತೆಯವರಿಂದ ಕಲಿಯುವ ಕಸುಬು ಎನ್ನುತ್ತಿದ್ದರು. ಒಬ್ಬನನ್ನು ಎಲ್ಲರೂ ಕಳ್ಳ ಕಳ್ಳ ಎಂದು ಕರೆದರೆ, ಒಂದು ದಿನ ಅವನು ಬೇಸತ್ತು ಹೌದೆಂದು ಒಪ್ಪಿಕೊಂಡು ಬಿಡುತ್ತಾನೆ ಎಂದೂ ಹೇಳುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಓಣಿಯಲ್ಲಿ ಏನೇ ಕಳುವಾದರೂ ಅವರದು ಒಂದೇ ಮಾತು: "ಯಾರು ಅಂತ ಕೇಳಬ್ಯಾಡ್ರಿ. ಯಾಕ ಅಂತ ಕೇಳ್ರಿ." ಹಂಡೆ ಕಳೆದುಕೊಂಡವಳಿಗೆ ಇದರಿಂದ ಹಂಡೆ ಸಿಗುವುದಿಲ್ಲ, ಆ ಮಾತು ಬೇರೆ.

ಸಿರುಗುಪ್ಪದ ಆಚೆ ಒಂದು ಕೇರಿಯಿತ್ತು. ಅಲ್ಲಿಯ ಜನ ಹಿಂದೆ ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ಮಾರುತ್ತಿದ್ದವರು. ರೈಲು ಬಂತು, ಉಪ್ಪಿಗೆ ಸುಂಕ ಬಂತು, ಎತ್ತುಗಳು ನಿಂತವು. ಆಮೇಲೆ ಬಿಳಿಯರ ಸರ್ಕಾರ, ಈ ಕುಲದಲ್ಲಿ ಹುಟ್ಟಿದವರೆಲ್ಲ ಹುಟ್ಟುಗಳ್ಳರು ಎಂದು ಕಾನೂನು ಮಾಡಿತು. ದೀಪ ಹಚ್ಚುವ ಹೊತ್ತಿಗೆ ಗಂಡಸರೆಲ್ಲ ಊರ ಚಾವಡಿಗೆ ಹೋಗಿ ಹಾಜರಿ ಕೊಡಬೇಕು. ಅಪ್ಪಣೆಯಿಲ್ಲದೆ ಪಕ್ಕದ ಊರಿಗೂ ಹೋಗುವಂತಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಕಾನೂನು ಹೋಯಿತು. ಮಾಸ್ತರು ಈ ಕಥೆ ಹೇಳುವಾಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ದುಃಖ ನಿಜವಾದದ್ದೇ, ನಾನು ನೋಡಿದ್ದೇನೆ.

ಆ ಕೇರಿಯಿಂದಲೇ ನಾಗಿ ಬಂದಳು. ಅರವತ್ತರ ದಶಕದ ನಡುವೆ ಇರಬೇಕು. ತಂದೆತಾಯಿ ಇಲ್ಲದ, ಹತ್ತು ವರ್ಷದ ಹುಡುಗಿ. ಕೇರಿಯನ್ನು ನೋಡಿ ಬರಲು ಹೋದ ಮಾಸ್ತರ ಜೊತೆಗೆ ಅವಳ ತಾತ ಅವಳನ್ನು ಕಳಿಸಿದ. ಮನೆಗೆಲಸ ಮಾಡಿಕೊಂಡು ಸಾಲಿಗೆ ಹೋಗುವುದು ಎಂದು ಮಾತಾಯಿತು. ಮಕ್ಕಳಿಲ್ಲದ ಮನೆ. ಮಾಸ್ತರ ಹೆಂಡತಿ ಗೌರಕ್ಕ ಅವಳ ತಲೆಯ ಹೇನು ತೆಗೆದು, ಎಣ್ಣೆ ಹಚ್ಚಿ, ತನ್ನ ಹಳೆಯ ಸೀರೆ ಹರಿದು ಲಂಗ ಹೊಲಿದಳು.

ಒಮ್ಮೆ ಮಾಸ್ತರು ನಾಗಿಯ ತಾತನನ್ನೂ ಬಳ್ಳಾರಿಗೆ ಕರೆಸಿದರು, ಕಾಲೇಜಿನ ಹುಡುಗರಿಗೆ ತೋರಿಸಲು. ಕಾನೂನು ಹೋಗಿ ಎಷ್ಟೋ ವರ್ಷವಾದರೂ ಆ ಮುದುಕ ದೀಪದ ಹೊತ್ತಿಗೆ ಚಾವಡಿ ಮುಂದೆ ಹೋಗಿ ಕೂರುತ್ತಿದ್ದನಂತೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ ಎಂದು. ಇದು ಮಾಸ್ತರಿಗೆ ಬಂಗಾರದಂಥ ಉದಾಹರಣೆ. ಅವನನ್ನು ಮಣೆಯಂಥ ವೇದಿಕೆಯ ಮೇಲೆ ನಿಲ್ಲಿಸಿ ಪಾಠ ಮಾಡಿದರಂತೆ. ಹುಡುಗರು ಪಾಠ ಕೇಳುವುದು ಬಿಟ್ಟು ಅವನ ಕಿವಿ ನೋಡುತ್ತಿದ್ದರಂತೆ. ಎಲ್ಲ ಮುಗಿದ ಮೇಲೆ ಮುದುಕ ಕೈಮುಗಿದು, "ನಾ ಇನ್ನ ಹೋಗ್ಲೇನ್ರಿ?" ಎಂದನಂತೆ. "ನೋಡಿದ್ರೇನು? ಇನ್ನೂ ಅಪ್ಪಣೆ ಕೇಳ್ತಾನ," ಎಂದು ಮಾಸ್ತರು ಮನೆಗೆ ಬಂದು ನಮಗೆಲ್ಲ ಹೇಳಿ ಸಂತೋಷಪಟ್ಟರು. ನಾಗಿ ಒಳಗೆ ಪಾತ್ರೆ ತಿಕ್ಕುತ್ತಿದ್ದಳು. ಪಾತ್ರೆಯ ಸದ್ದು ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

ಈಗ ಕರಡಿಗೆಯ ವಿಷಯಕ್ಕೆ ಬರುತ್ತೇನೆ. ನಾವು ಲಿಂಗ ಕಟ್ಟುವ ಮಂದಿ. ಮಾಸ್ತರ ತಾಯಿ ತೀರಿದಾಗ ಲಿಂಗ ಆಕೆಯ ಕೈಯಲ್ಲಿ ಮಣ್ಣಿಗೆ ಹೋಯಿತು, ಅದನ್ನಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿಯಿತು. ಒಂದು ಮಗ್ಗುಲಲ್ಲಿ ತಗ್ಗು ಬಿದ್ದಿತ್ತು, ಮಾಸ್ತರು ಕೂಸಾಗಿದ್ದಾಗ ಕಚ್ಚಿ ಕಚ್ಚಿ ಮಾಡಿದ್ದು. ಇಂಥ ವಸ್ತುವನ್ನು ಗೌರಕ್ಕ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಮಾಸ್ತರು ಅದನ್ನು ತಂದು ಪಡಸಾಲೆಯ ಗೋಡೆಯ ಗೂಡಿನಲ್ಲಿ, ಬೀಗವಿಲ್ಲದೆ, ನಾಗಿಯ ಕೈಗೆ ಎಟಕುವಂತೆ ಇಟ್ಟರು.

ಮನೆಗೆ ಯಾರಾದರೂ ದೊಡ್ಡವರು ಬಂದರೆ ಈ ಆಟ. ಮಾಸ್ತರು ಅವರಿಗೆ ಗೂಡಿನ ಬೆಳ್ಳಿ ತೋರಿಸುವರು. "ನಾಗಿ, ಪಡಸಾಲಿ ಕಸ ಹೊಡಿ" ಎಂದು ಕೂಗುವರು. ಎಲ್ಲರನ್ನೂ ಕಟ್ಟೆಗೆ ಕರೆತಂದು ಬಾಗಿಲು ಎಳೆದುಕೊಳ್ಳುವರು. ಕಸ ಹೊಡೆದಾದ ಮೇಲೆ ಒಳಗೆ ಕರೆದೊಯ್ದು, "ನೋಡ್ರಿ. ಐತಿ. ಹುಟ್ಟಿನಿಂದ ಏನೂ ಬರಂಗಿಲ್ಲ. ಮನಿ ಚಲೋದಿದ್ರ ಮನುಷ್ಯ ಚಲೋ," ಎನ್ನುವರು. ಬಂದವರು ತಲೆದೂಗುವರು. ಒಬ್ಬರು ನಾಗಿಗೆ ಪೆಪ್ಪರಮೆಂಟು ಕೊಟ್ಟರು. ಇನ್ಸ್‌ಪೆಕ್ಟರ್ ಸಾಹೇಬರು ಮಾತ್ರ, "ಇನ್ನ ಸಣ್ಣಕಿ. ಕಾಯ್ರಿ" ಎನ್ನುವರು.

ನನ್ನ ತಂಗಿ ಹೊಸದಾಗಿ ಮದುವೆಯಾಗಿ ಹಚ್ಚೊಳ್ಳಿಯ ದೊಡ್ಡ ಮನೆಗೆ ಹೋಗಿದ್ದಳು. ಕಾಲುವೆಯ ಕೆಳಗಿನ ಗದ್ದೆ, ಮನೆ ಮುಂದೆ ಟ್ರ್ಯಾಕ್ಟರು. ಸೀರೆ ಕೊಳ್ಳಲು ಬಳ್ಳಾರಿಗೆ ಬಂದಾಗೆಲ್ಲ ಈ ಆಟ ನೋಡಲು ಪಕ್ಕದ ಮನೆಗೆ ಹೋಗುತ್ತಿದ್ದಳು. ನಾಗಿ ನೀರಿನ ತಂಬಿಗೆ ತಂದರೆ ಒಂದು ಕೈಯಲ್ಲಿ ತಂಬಿಗೆ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಕೊರಳ ಸರ ಹಿಡಿದುಕೊಳ್ಳುವಳು. "ಅಕ್ಕ, ಆ ಹುಡುಗಿ ಕಣ್ಣು ನೋಡು, ಸರದ ಮ್ಯಾಲ ಅದಾವ," ಎನ್ನುವಳು. "ನೀ ಹಿಡಕಂಡಿದ್ದಕ್ಕ ಆಕಿ ನೋಡಾಕತ್ಯಾಳ," ಎಂದೆ. ತಂಗಿಗೆ ಸಿಟ್ಟು ಬಂತು.

ನಾಗಿಗೆ ಎಲ್ಲ ಗೊತ್ತಿತ್ತು. ಹಿತ್ತಲ ಗೋಡೆಯ ಮೇಲಿಂದ ಒಮ್ಮೆ ನನಗೆ ಹೇಳಿದಳು: "ಅಕ್ಕ, ಆ ಗೂಡಿನ ಕಡೀಗೆ ಬೆನ್ನು ಹಾಕೇ ಕಸ ಹೊಡಿತೀನಿ. ಆ ಮೂಲ್ಯಾಗ ಕಸ ಹಂಗ ಉಳಿತೈತಿ. ಅದಕ್ಕೂ ಬೈತಾರ."

ಹುಡುಗಿ ಓದಿದಳು. ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದ ವರ್ಷ ಒಂದು ಸಾಯಂಕಾಲ, ಬೇರೆ ಊರಿನ ಪ್ರೊಫೆಸರರೊಬ್ಬರನ್ನು ಮಾಸ್ತರು ಗೂಡಿನ ಮುಂದೆ ಕರೆದೊಯ್ದರು. ಗೂಡು ಖಾಲಿ. ನಾನು ಗೌರಕ್ಕನ ಜೊತೆ ಅಡುಗೆಮನೆ ಬಾಗಿಲಲ್ಲಿದ್ದೆ. ಯಾರು ಅಂತ ಕೇಳಬೇಡಿ ಎಂದು ಊರಿಗೆಲ್ಲ ಹೇಳಿದ ಮನುಷ್ಯ ಯಾರು ಎಂದು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಸುಮ್ಮನೆ ತಿರುಗಿ ನಾಗಿಯ ಮುಖ ನೋಡಿದರು. ಕೈಯಲ್ಲಿ ಕಸಬಾರಿಗೆ ಹಿಡಿದು ಅವಳು ನಿಂತಿದ್ದಳು. ಆಮೇಲೆ ಪ್ರೊಫೆಸರರಿಗೆ, "ಪಾಲಿಶಿಗೆ ಕೊಟ್ಟಿದ್ದೆ, ಮರ್ತೆ" ಎಂದರು.

ಸ್ವಲ್ಪ ದಿನದಲ್ಲೇ ಗೂಡಿಗೆ ಕರಡಿಗೆ ಮರಳಿ ಬಂತು. ಆದರೆ ಮಗ್ಗುಲಲ್ಲಿ ತಗ್ಗಿಲ್ಲ. ಮಾಸ್ತರು ಬೆಳ್ಳಿ ಅಂಗಡಿಗೆ ಹೋಗಿ ಹೊಸದು ಮಾಡಿಸಿ ತಂದಿದ್ದರು. ಹುಡುಗಿಯ ಮಾನ ಉಳಿಸಲು ಎಂದುಕೊಂಡರೆ ನೀವು ಇನ್ನೂ ಆ ಮನುಷ್ಯನನ್ನು ಅರಿತಿಲ್ಲ. ವಿಷಯ ಹೊರಗೆ ಬಂದರೆ ಇನ್ಸ್‌ಪೆಕ್ಟರ್ ಸಾಹೇಬರು ಗೆಲ್ಲುತ್ತಿದ್ದರು. ಆಟ ಮುಂದುವರಿಯಿತು. ಆದರೆ ಈಗ ಕಟ್ಟೆಗೆ ಬಂದವರು ಮಾತಾಡುತ್ತಿದ್ದರೆ ಮಾಸ್ತರು ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟಿರುತ್ತಿದ್ದರು.

"ಅಕ್ಕ, ಇದು ಬ್ಯಾರೆ ಐತಿ," ಎಂದಳು ನಾಗಿ ಗೋಡೆಯ ಮೇಲಿಂದ.

"ನೀ ತಗಂಡಿ ಅಂತ ತಿಳ್ಕಂಡಾರ."

"ಗೊತ್ತೈತಿ. ಕೇಳವಲ್ರು. ಕೇಳಿದ್ರ ಇಲ್ಲ ಅನ್ನಬೌದಿತ್ತು."

ನಾಗಿ ಪಾಸಾದಳು. ಮಾಸ್ತರಿಕೆಯ ಟ್ರೈನಿಂಗಿಗೆ ಅರ್ಜಿ ಹಾಕಿದಳು. ಅದರ ಜೊತೆ, ಬಲ್ಲವರೊಬ್ಬರು ಈಕೆಯ ನಡತೆ ಒಳ್ಳೆಯದೆಂದು ಬರೆದುಕೊಟ್ಟ ಕಾಗದ ಬೇಕಿತ್ತು. ಅದಿಲ್ಲದಿದ್ದರೆ ಸೀಟಿಲ್ಲ. ಸೀಟು ಸಿಗದಿದ್ದರೆ ತಾತ ಬಂದು ಕರೆದೊಯ್ದು, ಹೆಂಡತಿ ಸತ್ತ ಒಬ್ಬನಿಗೆ ಕೊಡುವುದೆಂದು ಕೇರಿಯಲ್ಲಿ ಮಾತಾಗಿತ್ತು. ಬರೆದುಕೊಡಬೇಕಾದವರು ಮಾಸ್ತರೇ. ಬೇರೆ ಯಾರ ಬಳಿ ಹೋದರೂ, ಸಾಕಿದ ಮಾಸ್ತರೇ ಯಾಕೆ ಬರೆಯಲಿಲ್ಲ ಎಂದು ಕೇಳುವವರೇ. ಅವಳು ದಿನಾ ಬೆಳಿಗ್ಗೆ ಅವರ ಮುಂದೆ ಹೋಗಿ ನಿಲ್ಲುವಳು. "ನಾಳಿ ನೋಡಾಣ" ಎನ್ನುವರು.

ಅರ್ಜಿ ಕೊಡಲು ಕೊನೆಯ ದಿನ ಬಂತು. ನಾನು ಹೆಪ್ಪಿಗೆ ಮೊಸರು ಕೇಳಲು ಹೋಗಿದ್ದೆ. ಮೊಸರು ನಮ್ಮ ಮನೆಯಲ್ಲೂ ಇತ್ತು.

"ಇವತ್ತ ಆಖರಿ, ಮಾಸ್ತರ," ಎಂದಳು ನಾಗಿ.

ಮಾಸ್ತರು ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು. "ಸುಳ್ಳು ಬರಿಯಾಕ ನನ್ನ ಕೈ ಬರಂಗಿಲ್ಲ."

"ಯಾವ ಸುಳ್ಳು?"

ಅವರು ಗೂಡಿನ ಕಡೆ ನೋಡಿದರು. ಅಷ್ಟರಲ್ಲಿ ಗೌರಕ್ಕ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಬಂದಳು. ಗಂಡನ ಎದುರು ನಿಂತು ಆಕೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಅತ್ತಿ ಕರಡಿಗಿ ನಾ ತಗಂಡೀನಿ. ಹಲಕುಂದಿ ಮಠಕ್ಕ ಒಯ್ದು ಕೊಟ್ಟು ಬಂದೀನಿ. ಅತ್ತಿ ಎದಿ ಮ್ಯಾಲ ಇದ್ದಿದ್ದು, ಇಲಿ ಬೋನಿನ ರೊಟ್ಟಿ ತುಣುಕು ಇಟ್ಟಂಗ ಇಟ್ಟಿದ್ರಿ ನೀವು. ನನಗ ನೋಡಾಕ ಆಗ್ಲಿಲ್ಲ."

ನಾಗಿ ಗೌರಕ್ಕನ ಕಡೆ ನೋಡಿದಳು. ಇಷ್ಟು ದಿನ ಯಾಕೆ ಸುಮ್ಮನಿದ್ದಿ ಎಂದು ಆ ನೋಟ ಕೇಳುತ್ತಿತ್ತು. ಗೌರಕ್ಕ ಕೈಯ ಹಿಟ್ಟು ತಿಕ್ಕಿಕೊಳ್ಳತೊಡಗಿದಳು. ಮಾಸ್ತರ ಮುಖದಲ್ಲಿ ನಾಚಿಕೆ ಬರುತ್ತದೆಂದು ನಾನು ಕಾದೆ. ಬಂದದ್ದು ನಿರಾಳ.

"ಹಂಗಾದ್ರ ಕಳವೇ ಆಗಿಲ್ಲ," ಎಂದರು. "ಮನಿಯಾಕಿ ತಗಂಡ್ರ ಅದು ಕಳವಲ್ಲ. ತಗದಿಟ್ಟಂಗ."

ನನ್ನ ಬಾಯಿ ಸುಮ್ಮನಿರಲಿಲ್ಲ. "ನಾ ತಗಂಡಿದ್ರ ಮಾಸ್ತರ?"

"ನೀವು ತಮಾಷೆಗೆ ಒಯ್ದೀರಿ ಅಂತಿದ್ದೆ."

"ನಾಗಿ ತಗಂಡಿದ್ರ?"

ಪೆನ್ನಿನ ಟೊಪ್ಪಿಗೆ ಹಾಕಿದರು. ಅಷ್ಟು ವರ್ಷ ಕಟ್ಟೆಯ ಮೇಲೆ ಕೇಳಿದ ಸಿದ್ಧಾಂತಗಳೆಲ್ಲ ಒಂದು ಕಡೆ, ಆ ಟೊಪ್ಪಿಗೆಯ ಟಕ್ ಎಂಬ ಸದ್ದು ಒಂದು ಕಡೆ.

ಆಮೇಲೆ ಬರೆದರು, ಬಹಳ ಉಮೇದಿನಿಂದ. ಬರೆದದ್ದನ್ನು ನಮಗೆ ಓದಿ ಹೇಳಿದರು. ಈಕೆ ಹಿಂದೆ ಸರ್ಕಾರ ಅಪರಾಧಿ ಕುಲವೆಂದು ಸಾರಿದ್ದ ಕುಲದಲ್ಲಿ ಹುಟ್ಟಿದವಳು. ಬೆಳ್ಳಿಯ ಸಾಮಾನು ಎದುರಿಗಿಟ್ಟು ಅನೇಕ ವರ್ಷ ಪರೀಕ್ಷೆ ಮಾಡಿದರೂ ಈಕೆ ಕದ್ದದ್ದು ಕಂಡುಬಂದಿಲ್ಲ. ಹುಡುಗಿ ಒಳ್ಳೆಯವಳು ಎಂದರೆ ಸಾಕಿತ್ತು, ಅದೊಂದು ಅದರಲ್ಲಿ ಇರಲಿಲ್ಲ.

ನಾಗಿ ಕೇಳಿದಳು: "ಮೊದಲ್ನೇ ಸಾಲು ತಗದ್ರ ನಡಿಯಂಗಿಲ್ಲೇನ್ರಿ?"

"ಅದನ್ನ ತಗದ್ರ ಎರಡ್ನೇದಕ್ಕ ಬೆಲೆ ಎಲ್ಲೈತಿ?" ಎಂದರು ಮಾಸ್ತರು. ಕೆಡುಕಿನಿಂದ ಅಲ್ಲ. ಮಗುವಿಗೆ ಲೆಕ್ಕ ಹೇಳಿಕೊಡುವಂತೆ ಹೇಳಿದರು.

ಕಚೇರಿ ಮುಚ್ಚುವ ಹೊತ್ತಾಗುತ್ತಿತ್ತು. ನಾಗಿ ಅದನ್ನೇ ತೆಗೆದುಕೊಂಡು ಹೋದಳು. ಸೀಟು ಸಿಕ್ಕಿತು. ಕಾಗದವೂ ಅವಳ ಜೊತೆಗೆ ಹೋಯಿತು. ಹಾಸ್ಟೆಲಿನಲ್ಲಿ ಅದನ್ನು ಓದಿದವರು ಅವಳ ಹಾಸಿಗೆಯನ್ನು ಬಾಗಿಲ ಹೊರಗಿನ ಪಡಸಾಲೆಗೆ ಹಾಕಿಸಿದರು. ಯಾರದೋ ಸೋಪು, ಯಾರದೋ ರಿಬ್ಬನ್ನು ಕಳೆದಾಗೆಲ್ಲ ಮೊದಲು ತೆರೆದದ್ದು ಅವಳ ಟ್ರಂಕು. ರಜೆಗೆ ಬಂದಾಗ ಗೋಡೆಯ ಮೇಲಿಂದ ನನಗೆ ಹೇಳಿದಳು: "ಬೀಗ ಹಾಕಾದು ಬಿಟ್ಟೀನಕ್ಕ. ಅವರಿಗೆ ತಡ ಆಗ್ತೈತಿ." ಆ ವರ್ಷವೂ ಮಾಸ್ತರು ಕಾಲೇಜಿನಲ್ಲಿ ತಮ್ಮ ಪ್ರಯೋಗ ಗೆದ್ದ ಕಥೆಯನ್ನು ಪಾಠವಾಗಿ ಹೇಳಿದರು. ನಾಗಿಯನ್ನು ಕ್ಷಮೆ ಕೇಳಿದ್ದು ನನಗೆ ಗೊತ್ತಿಲ್ಲ. ಕೇಳಬೇಕಾದದ್ದು ಏನಾದರೂ ಇದೆ ಎಂದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ.

ನಿವೃತ್ತರಾಗಿ ತಮ್ಮ ಹುಟ್ಟೂರು ಕುರುಗೋಡಿಗೆ ಹೋದರು. ಅಲ್ಲಿ ತಲೆ ಹಳಸತೊಡಗಿತು. ಒಂದೊಂದಾಗಿ ಸಿದ್ಧಾಂತಗಳು ಉದುರಿ ಹೋದವು. ಬಿಸಿಲು ಹೋಯಿತು, ಪಕ್ಕದವನ ಊಟ ಹೋಯಿತು, ಉಪ್ಪಿನ ಎತ್ತುಗಳು ಹೋದವು, ಕೊನೆಗೆ ಉಳಿದದ್ದು ಅನುಮಾನ. ನಾನು ನೋಡಲು ಹೋದಾಗ ಗುಡ್ಡದ ಬುಡದ ಆ ಮನೆಯಲ್ಲಿ, ಉಡಿದಾರಕ್ಕೆ ಬೀಗದ ಕೈಗಳನ್ನು ಕಟ್ಟಿಕೊಂಡು ಕೂತಿದ್ದರು. ಕನ್ನಡಕ ಅವರ ಹಣೆಯ ಮೇಲೇ ಇತ್ತು. "ಯಾರು ತಗಂಡ್ರು? ಯಾರು?" ಎಂದು ಗೌರಕ್ಕನನ್ನು ಜಬರಿಸುತ್ತಿದ್ದರು.

"ಯಾಕ ಅಂತ ಕೇಳ್ರಿ ಮಾಸ್ತರ," ಎಂದೆ ನಾನು.

ನನ್ನನ್ನು ದಿಟ್ಟಿಸಿ ನೋಡಿ, ಗೌರಕ್ಕನಿಗೆ ಹೇಳಿದರು: "ಈಕಿ ಕಿವಿ ನೋಡು."

ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡರು. ಕುರುಗೋಡಿನ ಪಡಸಾಲೆಯಲ್ಲಿ ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಗೆ ವಿಭೂತಿ. ಇನ್ನೇನು ಎದ್ದು ವಾದ ಶುರು ಮಾಡುವವರಂತೆ ಕೂತಿದ್ದರು. ನಾಗಿ ಬಸ್ಸಿನಲ್ಲಿ ಬಂದಳು. ಆಗ ಅವಳು ಹಚ್ಚೊಳ್ಳಿಯ ಸಾಲಿಯಲ್ಲಿ ಟೀಚರು, ನನ್ನ ತಂಗಿಯ ಮಗನೂ ಅವಳ ಕ್ಲಾಸಿನಲ್ಲೇ ಓದುತ್ತಿದ್ದ. ತಂಗಿಯೂ ಬಂದಿದ್ದಳು, ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದಳು. ನಾಗಿ ಒಳಗೆ ಬಂದದ್ದೇ ತಡ, ತಂಗಿಯ ಕೈ ತನ್ನಷ್ಟಕ್ಕೆ ತಾನೇ ಕೊರಳ ಸರಕ್ಕೆ ಹೋಯಿತು.

ಗೌರಕ್ಕ ಎದ್ದು ಒಳಗೆ ಹೋಗಿ, ತಗ್ಗಿಲ್ಲದ ಆ ಹೊಸ ಕರಡಿಗೆ ತಂದು ಎಲ್ಲರ ಎದುರಿಗೆ ನಾಗಿಯ ಮುಂದೆ ಹಿಡಿದಳು. "ತಗ. ನಿನಗ ಬರಬೇಕಾದ್ದು."

ಬಂಧುಗಳ ಮುಖ ನೋಡಬೇಕಿತ್ತು. ನಾಗಿ ಅದನ್ನು ಮುಟ್ಟಲಿಲ್ಲ. "ಇಟ್ಟಲ್ಲೇ ಇರ್ಲಿ ಅಮ್ಮ. ನಾ ಕಸ ಹೊಡದು ಹೋಗಾಕಿ," ಎಂದಳು. ಮಾಸ್ತರ ಪಾದಕ್ಕೆ ಹಣೆ ಹಚ್ಚಿ ಬಂದು ನನ್ನ ಪಕ್ಕ ಕೂತಳು.

ನನಗೆ ಸಾವಿನ ಮನೆಯಲ್ಲೂ ನಾಲಗೆ ತುರಿಸುತ್ತದೆ. ಮೆಲ್ಲಗೆ ಕೇಳಿದೆ: "ನಾಗಿ, ನಿನ್ನ ಸಾಲ್ಯಾಗ ಏನಾರ ಕಳದ್ರ ಏನ್ ಮಾಡ್ತಿ? ಯಾರು ಅಂತಿಯೋ ಯಾಕ ಅಂತಿಯೋ?"

"ಎರಡೂ ಅನ್ನಂಗಿಲ್ಲ. ದೊಡ್ಡ ಮನಿ ಹುಡುಗರ ಚೀಲ ಮೊದ್ಲು ಬಿಚ್ಚಿಸ್ತೀನಿ."

"ಅದ್ಯಾವ ಸಿದ್ಧಾಂತನೇ?"

"ಸಿದ್ಧಾಂತ ಏನಿಲ್ಲಕ್ಕ. ಅವರ ಚೀಲ ಈತನಕ ಯಾರೂ ಬಿಚ್ಚಿ ನೋಡಿಲ್ಲಲ್ಲ, ಅದಕ್ಕ."

ನಾನು ನಕ್ಕೆ. ಅವಳನ್ನು ಸೋಲಿಸಿಯೇ ಬಿಡುವೆನೆಂದು, "ಬಿಚ್ಚಿದ್ರ ಏನಾರ ಸಿಕ್ಕೈತೇನು ಯಾವತ್ತರ?" ಎಂದೆ.

ನಾಗಿ ಎದುರಿಗೆ ಸರ ಹಿಡಿದು ಕೂತವಳ ಕಡೆ ಗದ್ದ ಎತ್ತಿ ತೋರಿಸಿದಳು.

"ಅಲ್ಲೇ ಕುಂತಾರಲ್ಲಕ್ಕ. ನಿಮ್ಮ ತಂಗೀನ ಕೇಳ್ರಿ."